ನಿಮ್ಮದೇ ಕಂಪನಿಯಿಂದ ಹಣ ಪಡೆಯುವ ಮುನ್ನ: ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಗಳ ನಿರ್ದೇಶಕರಿಗೆ ಸಮಗ್ರ ಮಾರ್ಗದರ್ಶಿ

ವರ್ಷವಿಡೀ ಕಂಪನಿಯ ಖಾತೆಯಿಂದ ಬೇಕಾದಾಗ ಬೇಕಾದಷ್ಟು ಹಣ ತೆಗೆದು, ಮಾರ್ಚ್ ಕೊನೆಗೆ ಆಡಿಟರ್ ಮುಂದೆ ಕುಳಿತು ‘ಇದನ್ನು ಏನೆಂದು ತೋರಿಸೋಣ?’ ಎಂದು ಕೇಳುವ ನಿರ್ದೇಶಕರು ಇಂದಿಗೂ ಕಡಿಮೆಯಾಗಿಲ್ಲ. ಹೆಚ್ಚಿನವರು ಮೊದಲು ಪ್ರೊಪ್ರೈಟರ್ ಆಗಿದ್ದವರು. ಅಂಗಡಿಯ ಗಲ್ಲಾಪೆಟ್ಟಿಗೆಯೂ ಮನೆಯ ಬೀರುವೂ ಒಂದೇ ಎಂಬ ಅಭ್ಯಾಸ ಅವರದು. ಪ್ರೈವೇಟ್ ಲಿಮಿಟೆಡ್ ಆದ ದಿನವೇ ಆ ಅಭ್ಯಾಸಕ್ಕೆ ಬೆಲೆ ಕಟ್ಟಬೇಕಾಗುತ್ತದೆ. ಕಂಪನಿ ಬೇರೆ, ನೀವು ಬೇರೆ. ಅದರ ಖಾತೆಯಿಂದ ನಿಮ್ಮ ಖಾತೆಗೆ ಬರುವ ಪ್ರತಿ ರೂಪಾಯಿಗೂ ಹೊರಡುವ ಮೊದಲೇ ಒಂದು ಹೆಸರು ಇರಬೇಕು: ಸಂಬಳ, ಶುಲ್ಕ, ಲಾಭಾಂಶ, ಸಾಲ, ಅಥವಾ ನೀವೇ ಕೊಟ್ಟಿದ್ದ ಹಣದ ವಾಪಸಾತಿ.

ಆದಾಯ ತೆರಿಗೆ, ಜಿಎಸ್‌ಟಿ, ಕಂಪನಿ ಕಾಯ್ದೆ ಮೂರೂ ಆ ಹೆಸರನ್ನೇ ಹಿಡಿದು ಲೆಕ್ಕ ಕೇಳುತ್ತವೆ. ಒಂದು ಕಡೆ ಸಂಬಳ, ಇನ್ನೊಂದು ಕಡೆ ಶುಲ್ಕ ಎಂದಿದ್ದರೆ ನೋಟಿಸಿಗೆ ದಾರಿ ಮಾಡಿಕೊಟ್ಟಂತೆಯೇ. ಆದ್ದರಿಂದ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ.

ಇಲ್ಲಿರುವ ದರಗಳು 2025-26ನೇ ಆರ್ಥಿಕ ವರ್ಷದವು, ಆದಾಯ ತೆರಿಗೆಯ ಕಲಂ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯಲ್ಲಿ ಸಂಬಳದ ಟಿಡಿಎಸ್ (ಹಣ ಕೊಡುವಾಗಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) 392ನೇ ಕಲಮಿಗೂ ಉಳಿದ ಟಿಡಿಎಸ್ 393ನೇ ಕಲಮಿಗೂ ಹೋಗಿವೆ.

ಮೊದಲು ಮೇಜಿನ ಮೇಲೆ ಇರಬೇಕಾದದ್ದು

ಕಂಪನಿಯ ನಿಯಮಾವಳಿ (ಆರ್ಟಿಕಲ್ಸ್), ನಡಾವಳಿ ಪುಸ್ತಕ, ಕಂಪನಿಯ ಪ್ಯಾನ್ ಮತ್ತು ಟ್ಯಾನ್ (ಟಿಡಿಎಸ್ ಕಟ್ಟಲು ಬೇಕಾದ ಸಂಖ್ಯೆ), ನಿರ್ದೇಶಕರ ಡಿನ್ (ಗುರುತಿನ ಸಂಖ್ಯೆ) ಹಾಗೂ ಡಿಜಿಟಲ್ ಸಹಿ, ವೃತ್ತಿ ತೆರಿಗೆಯ ನೋಂದಣಿ ಸಂಖ್ಯೆ, ನಿಮ್ಮ ಹೆಸರಿನ ಲೆಡ್ಜರಿನ ಮುದ್ರಿತ ಪ್ರತಿ. ಕಡೆಯದು ಬಹಳ ಮುಖ್ಯ. ಟ್ಯಾಲಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಲೆಡ್ಜರುಗಳಿವೆ ಎಂದು ನೋಡಿ. ‘ಡೈರೆಕ್ಟರ್ ಖಾತೆ’, ‘ಇಂಪ್ರೆಸ್ಟ್’, ‘ಸಸ್ಪೆನ್ಸ್’ ಎಂದು ಎರಡು ಮೂರು ಕಡೆ ಹರಡಿದ್ದರೆ ಮೊದಲು ಒಂದೆಡೆ ಕೂಡಿಸಿಕೊಳ್ಳಿ.

ಸ್ಪೈಸ್ ಪ್ಲಸ್ ಅರ್ಜಿಯಲ್ಲಿ ನೋಂದಣಿಯಾದ ಕಂಪನಿಗಳಿಗೆ ಪ್ಯಾನ್, ಟ್ಯಾನ್ ಜೊತೆಗೆ ಪಿಎಫ್, ಇಎಸ್‌ಐ ಸಂಖ್ಯೆಗಳೂ, ಕರ್ನಾಟಕದಲ್ಲಾದರೆ ವೃತ್ತಿ ತೆರಿಗೆಯ ಸಂಖ್ಯೆಯೂ ಬಂದಿರುತ್ತವೆ. ಆ ಇಮೇಲನ್ನು ತೆರೆದೇ ನೋಡದವರು ಅನೇಕರು. ಹುಡುಕಿ ತೆಗೆಯಿರಿ.

ಹಂತ 1: ನೀವು ನೌಕರರೇ, ಅಲ್ಲವೇ ಎಂಬುದನ್ನು ತೀರ್ಮಾನಿಸಿ

ನಿರ್ದೇಶಕ ಎನ್ನುವುದು ಹುದ್ದೆ, ನೌಕರಿಯಲ್ಲ. ಶೇರು ನಿಮ್ಮದೇ ಆಗಿದ್ದರೂ, ಮಂಡಳಿಯಲ್ಲಿ ನೀವಿದ್ದರೂ, ಅಷ್ಟರಿಂದ ನೀವು ಕಂಪನಿಯ ನೌಕರರಾಗುವುದಿಲ್ಲ. ಆದರೆ ಅದೇ ವ್ಯಕ್ತಿ ಕಂಪನಿಯೊಂದಿಗೆ ಸೇವಾ ಒಪ್ಪಂದ ಮಾಡಿಕೊಂಡು ನೌಕರನೂ ಆಗಬಹುದು. ವ್ಯವಸ್ಥಾಪಕ ನಿರ್ದೇಶಕ ನೌಕರನೋ ಅಲ್ಲವೋ ಎಂಬುದು ನಿಯಮಾವಳಿ ಮತ್ತು ಒಪ್ಪಂದದ ಷರತ್ತುಗಳನ್ನು ಅವಲಂಬಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ, ಆದಾಯ ತೆರಿಗೆಯ ಪ್ರಕರಣವೊಂದರಲ್ಲಿ, ಸ್ಪಷ್ಟಪಡಿಸಿದೆ.

ಸಣ್ಣ ಕಂಪನಿಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯವರು ಕಾಣುತ್ತಾರೆ. ದಿನವಿಡೀ ಕಂಪನಿಯ ಕೆಲಸದಲ್ಲೇ ಇರುವವರು: ಇವರನ್ನು ವ್ಯವಸ್ಥಾಪಕ ನಿರ್ದೇಶಕ ಅಥವಾ ಪೂರ್ಣಾವಧಿ ನಿರ್ದೇಶಕ ಎಂದು ನೇಮಿಸಿ ಸಂಬಳ ಕೊಡುವುದು ಸರಿಯಾದ ದಾರಿ. ಬೇರೆಡೆ ನೌಕರಿಯಲ್ಲಿದ್ದು, ಸಭೆಗೆ ಬಂದು ಸಲಹೆ ಕೊಟ್ಟು ಹೋಗುವವರು: ಇವರಿಗೆ ಸಭಾ ಶುಲ್ಕ ಅಥವಾ ಸೇವಾ ಶುಲ್ಕ. ಇಬ್ಬರು ನಿರ್ದೇಶಕರು ಇರಲೇಬೇಕು ಎಂಬ ಕಾರಣಕ್ಕೆ ಸಹಿ ಹಾಕಿದ ಮನೆಯವರು: ಇವರು ಕೆಲಸ ಮಾಡದಿದ್ದರೆ ಏನನ್ನೂ ಕೊಡಬೇಡಿ. ಶೇರು ಇದ್ದರೆ ಲಾಭಾಂಶ ಬರುತ್ತದೆ, ಸಾಕು.

ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಲ್ಲಿ ನಿಮ್ಮ ಪದನಾಮ ಬರೀ ‘ಡೈರೆಕ್ಟರ್’ ಎಂದಿದ್ದು, ಪುಸ್ತಕದಲ್ಲಿ ಸಂಬಳ ಎಂದಿದ್ದರೆ, ನೇಮಕ ಪತ್ರವೂ ಇಲ್ಲದಿದ್ದರೆ, ಅದೇ ಮೊದಲ ಅಪಾಯದ ಗುರುತು.

ಹಂತ 2: ಕಂಪನಿ ನಿಮಗೆ ಎಷ್ಟು ಬಾಕಿ ಇದೆ ನೋಡಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಕಂಪನಿ ಶುರುವಾದಾಗ ಅಡ್ವಾನ್ಸ್ ಬಾಡಿಗೆ, ಯಂತ್ರ, ಮೊದಲ ಸಂಬಳಗಳಿಗೆ ನೀವು ಕೈಯಿಂದ ಹಾಕಿದ ಹಣ ಶೇರು ಬಂಡವಾಳವಾಗದೆ ಉಳಿದಿದ್ದರೆ ಅದು ನೀವು ಕಂಪನಿಗೆ ಕೊಟ್ಟ ಸಾಲ. ಅದರ ವಾಪಸಾತಿ ನಿಮಗೆ ಆದಾಯವೇ ಅಲ್ಲ; ಅಸಲು ಮೊತ್ತಕ್ಕೆ ಟಿಡಿಎಸ್ ಇಲ್ಲ, ಜಿಎಸ್‌ಟಿ ಇಲ್ಲ.

ಆದರೆ ದಾಖಲೆ ಬೇಕು. ಹಣ ಬ್ಯಾಂಕಿನ ಮೂಲಕ ಬಂದಿರಬೇಕು, ಬ್ಯಾಂಕಿನ ಮೂಲಕವೇ ಹೋಗಬೇಕು. 20,000 ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯುವಂತಿಲ್ಲ, ತೀರಿಸುವಂತೆಯೂ ಇಲ್ಲ. ‘ಈ ಹಣವನ್ನು ಬೇರೆಯವರಿಂದ ಸಾಲ ತಂದು ಕೊಟ್ಟಿಲ್ಲ’ ಎಂಬ ನಿಮ್ಮ ಲಿಖಿತ ಘೋಷಣೆ ಕಡತದಲ್ಲಿರಬೇಕು. ಅದಿಲ್ಲದಿದ್ದರೆ ಕಂಪನಿ ಕಾಯ್ದೆಯ ಠೇವಣಿ ನಿಯಮಗಳು ಕಾಡುತ್ತವೆ.

ಹಂತ 3: ಯಾವ ಹೆಸರಿಗೆ ಎಷ್ಟು ತೆರಿಗೆ, ಲೆಕ್ಕ ಹಾಕಿ

ಪೀಣ್ಯದಲ್ಲಿ ಎರಡು ಸಿಎನ್‌ಸಿ ಯಂತ್ರಗಳಿರುವ ಕಂಪನಿಯೊಂದನ್ನು ಕಲ್ಪಿಸಿಕೊಳ್ಳಿ. ನಿರ್ದೇಶಕರಿಗೆ ಏನೂ ಕೊಡುವ ಮೊದಲು ವರ್ಷದ ಲಾಭ 12 ಲಕ್ಷ. ಕಂಪನಿ 115ಬಿಎಎ ಕಲಮಿನಡಿ ಶೇ 22ರ ದರ ಆರಿಸಿಕೊಂಡಿದೆ. ಸರ್ಚಾರ್ಜ್ ಮತ್ತು ಸೆಸ್ ಸೇರಿ ಶೇ 25.168. ದುಡಿಯುವ ನಿರ್ದೇಶಕರಿಗೆ ಬೇರೆ ಆದಾಯವಿಲ್ಲ, ಅವರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ.

ಸಂಬಳವಾದರೆ ತಿಂಗಳಿಗೆ 1 ಲಕ್ಷದಂತೆ 12 ಲಕ್ಷ. ಅದು ಕಂಪನಿಗೆ ಖರ್ಚು, ಆದ್ದರಿಂದ ಕಂಪನಿಗೆ ತೆರಿಗೆ ಶೂನ್ಯ. ನಿರ್ದೇಶಕರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 11.25 ಲಕ್ಷ, 87ಎ ಕಲಮಿನ ತೆರಿಗೆ ರಿಯಾಯಿತಿಯಿಂದ ಅಲ್ಲೂ ತೆರಿಗೆ ಶೂನ್ಯ. ಲಾಭಾಂಶವಾದರೆ ಕಂಪನಿ ಮೊದಲು 3,02,016 ರೂಪಾಯಿ ತೆರಿಗೆ ಕಟ್ಟಬೇಕು, ಉಳಿದ 8,97,984 ಮಾತ್ರ ಹಂಚಬಹುದು. ಶುಲ್ಕವಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ಶೇ 10ರಂತೆ 1.2 ಲಕ್ಷ ಟಿಡಿಎಸ್‌ನಲ್ಲಿ ಸಿಕ್ಕಿಕೊಂಡು ರಿಫಂಡ್ ಬರುವವರೆಗೆ ಕಾಯಬೇಕು. ಮೇಲೆ ಶೇ 18ರಂತೆ 2.16 ಲಕ್ಷ ಜಿಎಸ್‌ಟಿಯನ್ನು ಕಂಪನಿ ನಗದಾಗಿ ಕಟ್ಟಬೇಕು (ಏಕೆಂಬುದು ಹಂತ 6ರಲ್ಲಿದೆ).

ದುಡಿಯುವ ನಿರ್ದೇಶಕರಿಗೆ ಸಂಬಳವೇ ಮೊದಲ ಆಯ್ಕೆ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ವಾದ ಬೇಡ. ಆದಾಯ 24 ಲಕ್ಷ ದಾಟಿ ಶೇ 30ರ ಹಂತ ತಲುಪಿದಾಗ ಲೆಕ್ಕ ಬದಲಾಗುತ್ತದೆ. ಆಗ ಹಣವನ್ನು ಕಂಪನಿಯಲ್ಲೇ ಬಿಡುವುದನ್ನೂ ಯೋಚಿಸಬೇಕು.

ಹಾಗೆಂದು ಸಂಬಳ ಎಷ್ಟಾದರೂ ಆಗಬಹುದು ಎಂದಲ್ಲ. ಕಂಪನಿ ಕಾಯ್ದೆಯ 197ನೇ ಕಲಮಿನ ಶೇ 11ರ ಮಿತಿ ಇರುವುದು ಪಬ್ಲಿಕ್ ಕಂಪನಿಗಳಿಗೆ, ನಿಮಗಲ್ಲ. ಆದರೆ ಕೆಲಸಕ್ಕೆ ಮೀರಿದ ಸಂಬಳವನ್ನು ಆದಾಯ ತೆರಿಗೆಯ 40ಎ(2) ಕಲಮಿನಡಿ ಖರ್ಚಿನಿಂದ ತೆಗೆದುಹಾಕಬಹುದು. ಲಾಭಾಂಶ ಕೊಡುವ ಬದಲು ‘ಬೋನಸ್’ ಎಂದು ಬರೆದರೂ ಇದೇ ಗತಿ. ಇದೇ ಕೆಲಸಕ್ಕೆ ಹೊರಗಿನವರನ್ನು ಇಟ್ಟುಕೊಂಡರೆ ಎಷ್ಟು ಕೊಡುತ್ತಿದ್ದಿರಿ ಎಂಬುದಕ್ಕೆ ಒಂದು ಪುಟದ ಟಿಪ್ಪಣಿ ಬರೆದಿಡಿ.

ಹಂತ 4: ನಿರ್ಣಯ, ನೇಮಕ ಪತ್ರ, ಅರ್ಜಿ

ಈ ಹಂತದೊಳಗೂ ಒಂದು ಕ್ರಮವಿದೆ. ಮೊದಲು ನಿಯಮಾವಳಿಯಲ್ಲಿ ವ್ಯವಸ್ಥಾಪಕ ಅಥವಾ ಪೂರ್ಣಾವಧಿ ನಿರ್ದೇಶಕರನ್ನು ನೇಮಿಸಲು, ಸಂಬಳ ನಿಗದಿ ಮಾಡಲು ಮಂಡಳಿಗೆ ಅಧಿಕಾರವಿದೆಯೇ ಎಂದು ಓದಿ. ಇಲ್ಲದಿದ್ದರೆ ವಿಶೇಷ ನಿರ್ಣಯದಿಂದ ನಿಯಮಾವಳಿ ತಿದ್ದಬೇಕು. ನಂತರ ಮಂಡಳಿಯ ಸಭೆ. ಸಂಬಳ ಪಡೆಯುವವರು ತಮ್ಮ ಹಿತಾಸಕ್ತಿಯನ್ನು ಸಭೆಗೆ ತಿಳಿಸಬೇಕು. ಪ್ರೈವೇಟ್ ಕಂಪನಿಗಳಿಗೆ 2015ರಲ್ಲಿ ಸಿಕ್ಕ ವಿನಾಯಿತಿಯಿಂದ, ಹಾಗೆ ತಿಳಿಸಿದ ಮೇಲೆ ಅವರು ಚರ್ಚೆಯಲ್ಲಿ ಭಾಗವಹಿಸಬಹುದು; 2017ರ ವಿನಾಯಿತಿಯಿಂದ ಕೋರಂಗೂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿಗೂ) ಲೆಕ್ಕಕ್ಕೆ ಬರುತ್ತಾರೆ. ಇಬ್ಬರೇ ನಿರ್ದೇಶಕರಿರುವ ಕಂಪನಿಗೆ ಈ ವಿನಾಯಿತಿ ಇಲ್ಲದಿದ್ದರೆ ಸಭೆಯೇ ನಡೆಯುತ್ತಿರಲಿಲ್ಲ.

ನಿರ್ಣಯದ ಒಕ್ಕಣೆ ಹೀಗಿದ್ದರೆ ಸಾಕು:

‘ಶ್ರೀ ___ (ಡಿನ್ ___) ಅವರನ್ನು 2025ರ ಏಪ್ರಿಲ್ 1ರಿಂದ 5 ವರ್ಷಗಳ ಅವಧಿಗೆ ಕಂಪನಿಯ ಪೂರ್ಣಾವಧಿ ನಿರ್ದೇಶಕರನ್ನಾಗಿ, ಕಂಪನಿಯ ನೌಕರರಾಗಿ, ತಿಂಗಳಿಗೆ 1,00,000 ರೂಪಾಯಿ ಸಂಬಳದ ಮೇಲೆ, ಸಭೆಯ ಮುಂದಿರಿಸಿದ ನೇಮಕ ಪತ್ರದ ಷರತ್ತುಗಳಿಗೆ ಒಳಪಟ್ಟು ನೇಮಿಸಲಾಗಿದೆ. ತಮ್ಮ ಹಿತಾಸಕ್ತಿಯನ್ನು ಅವರು ಸಭೆಗೆ ತಿಳಿಸಿದ್ದಾರೆ.’

‘ಕಂಪನಿಯ ನೌಕರರಾಗಿ’ ಎಂಬ ಎರಡು ಪದಗಳನ್ನು ಬಿಡಬೇಡಿ. ಒಮ್ಮೆಗೆ 5 ವರ್ಷಕ್ಕಿಂತ ಹೆಚ್ಚು ಅವಧಿ ಕೊಡುವಂತಿಲ್ಲ. ನೇಮಕ ಪತ್ರದಲ್ಲಿ ಕೆಲಸದ ವಿವರ, ರಜೆ, ನೋಟಿಸ್ ಅವಧಿ, ಮಂಡಳಿಗೆ ಉತ್ತರದಾಯಿ ಎಂಬ ಮಾತು ಇರಲಿ. ಮಾಲೀಕರೇ ಆದವರಿಗೆ ರಜೆಯ ಷರತ್ತು ತಮಾಷೆಯಾಗಿ ಕಾಣಬಹುದು, ಆದರೆ ನೌಕರಿಯ ಸಂಬಂಧವನ್ನು ತೋರಿಸುವುದು ಇಂಥ ಸಾಲುಗಳೇ.

ಆಮೇಲೆ ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸುವ ಅರ್ಜಿಗಳು. ಪದನಾಮ ಬದಲಾವಣೆಗೆ ಡಿಐಆರ್-12, 30 ದಿನಗಳೊಳಗೆ. ವ್ಯವಸ್ಥಾಪಕ ನಿರ್ದೇಶಕರ ನೇಮಕವಾದರೆ ಎಂಜಿಟಿ-14 ಕೂಡ 30 ದಿನಗಳೊಳಗೆ. ಏಕವ್ಯಕ್ತಿ ಕಂಪನಿಯಾದರೆ 193ನೇ ಕಲಂ ನೋಡಿ: ಏಕೈಕ ಸದಸ್ಯರೇ ನಿರ್ದೇಶಕರೂ ಆಗಿರುವಾಗ ಕಂಪನಿಯೊಂದಿಗಿನ ಅವರ ಒಪ್ಪಂದ ಲಿಖಿತವಾಗಿರಬೇಕು ಅಥವಾ ನಡಾವಳಿಯಲ್ಲಿ ದಾಖಲಾಗಬೇಕು, 15 ದಿನಗಳೊಳಗೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು.

ಹಂತ 5: ತಿಂಗಳ ಸಂಬಳ, ತಿಂಗಳಿಗೇ

ಉಳಿದ ನೌಕರರಿಗೆ ಸಂಬಳ ಹೋಗುವ ದಿನವೇ, ಅದೇ ಪಟ್ಟಿಯಲ್ಲಿ, ಅದೇ ಬಗೆಯ ವೇತನ ಚೀಟಿಯೊಂದಿಗೆ ನಿಮ್ಮ ಸಂಬಳವೂ ಹೋಗಲಿ. ಒಂದು ತಿಂಗಳು 40,000, ಇನ್ನೊಂದು ತಿಂಗಳು 2 ಲಕ್ಷ, ಮೂರನೆಯ ತಿಂಗಳು ಏನೂ ಇಲ್ಲ ಎಂದಾದರೆ ಅದು ಸಂಬಳದಂತೆ ಕಾಣುವುದಿಲ್ಲ.

ಟಿಡಿಎಸ್ 192ನೇ ಕಲಮಿನಡಿ. ವರ್ಷದ ಅಂದಾಜು ತೆರಿಗೆಯನ್ನು 12 ತಿಂಗಳಿಗೆ ಹಂಚಿ ಕಡಿದು, ಮುಂದಿನ ತಿಂಗಳ 7ರೊಳಗೆ ಚಲನ್ ಕಟ್ಟಿ. ಮಾರ್ಚ್ ತಿಂಗಳದಕ್ಕೆ ಏಪ್ರಿಲ್ 30ರವರೆಗೆ ಸಮಯವಿದೆ. ತ್ರೈಮಾಸಿಕ ರಿಟರ್ನ್ 24ಕ್ಯೂ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ.

ಕಂಪನಿಯ ಕೈ ಕಟ್ಟಿರುವಾಗ ಸಂಬಳ ಕೊಡಲಾಗದೆ ‘ಬಾಕಿ’ ಎಂದು ಬರೆದಿಡುವುದುಂಟು. ನೆನಪಿರಲಿ, ಸಂಬಳಕ್ಕೆ ತೆರಿಗೆ ಬೀಳುವುದು ಕೊಡಬೇಕಾದಾಗ ಅಥವಾ ಕೊಟ್ಟಾಗ, ಯಾವುದು ಮೊದಲೋ ಆಗ. ಕೈಗೆ ಬಾರದ ಸಂಬಳಕ್ಕೂ ನಿಮ್ಮ ರಿಟರ್ನಿನಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ. ಕಷ್ಟದ ತಿಂಗಳುಗಳು ಬರುವುದು ಗೊತ್ತಿದ್ದರೆ, ಆ ತಿಂಗಳು ಶುರುವಾಗುವ ಮೊದಲೇ ಸಂಬಳ ಇಳಿಸುವ ನಿರ್ಣಯ ಮಾಡಿ.

ವೃತ್ತಿ ತೆರಿಗೆ: ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಅಥವಾ ಹೆಚ್ಚಿದ್ದರೆ 200 ರೂಪಾಯಿ, ಫೆಬ್ರುವರಿಯಲ್ಲಿ 300, ವರ್ಷಕ್ಕೆ 2,500. ಕಂಪನಿಯೂ ತನ್ನ ಪಾಲಿನ ವೃತ್ತಿ ತೆರಿಗೆಯನ್ನು ವರ್ಷಕ್ಕೊಮ್ಮೆ ಬೇರೆಯಾಗಿ ಕಟ್ಟಬೇಕು. ಒಂದನ್ನು ಕಟ್ಟಿ ಇನ್ನೊಂದೂ ಮುಗಿಯಿತು ಎಂದುಕೊಳ್ಳುವುದು ಬೆಂಗಳೂರಿನ ಸಣ್ಣ ಕಂಪನಿಗಳಲ್ಲಿ ಮಾಮೂಲು.

ಪಿಎಫ್ ಕಡ್ಡಾಯವಾಗುವುದು 20 ನೌಕರರಿಂದ. ಸಂಬಳ ಪಡೆಯುವ ನಿರ್ದೇಶಕರನ್ನೂ ಆ ಎಣಿಕೆಯಲ್ಲಿ ಸೇರಿಸಿ ನೋಡಿ, ಹತ್ತೊಂಬತ್ತಕ್ಕೆ ನಿಂತವರು ವಿಶೇಷವಾಗಿ. ಇಎಸ್‌ಐ ವೇತನ ಮಿತಿ 21,000 ಆದ್ದರಿಂದ ಹೆಚ್ಚಿನ ನಿರ್ದೇಶಕರು ಅದರಾಚೆಗೆ ಉಳಿಯುತ್ತಾರೆ.

ಕಂಪನಿಯ ಕಾರು, ಮನೆ ಬಾಡಿಗೆಯಂಥ ಸೌಲಭ್ಯಗಳನ್ನೂ ಸಂಬಳದ ಲೆಕ್ಕಕ್ಕೆ ತನ್ನಿ. ಕೆಲವು ಸೌಲಭ್ಯಗಳಿಗೆ ಸಾಮಾನ್ಯ ನೌಕರರಿಗೆ ತೆರಿಗೆ ಬೀಳುವುದು ಸಂಬಳ ಒಂದು ಮಿತಿ ದಾಟಿದರೆ ಮಾತ್ರ; ನಿರ್ದೇಶಕ-ನೌಕರರಿಗೆ ಆ ಮಿತಿಯ ರಕ್ಷಣೆ ಇಲ್ಲ.

ಹಂತ 6: ಜಿಎಸ್‌ಟಿಯ ಬಾಗಿಲು ಮುಚ್ಚಿ

2020ರ ಜೂನ್ 10ರ 140ನೇ ಸುತ್ತೋಲೆ ಇಲ್ಲಿನ ಆಧಾರ. ಅದರ ಪ್ರಕಾರ, ಪುಸ್ತಕದಲ್ಲಿ ಸಂಬಳ ಎಂದು ತೋರಿಸಿ 192ನೇ ಕಲಮಿನಡಿ ಟಿಡಿಎಸ್ ಮಾಡಿದ ಮೊತ್ತಕ್ಕೆ ಜಿಎಸ್‌ಟಿ ಇಲ್ಲ. ಸಂಬಳದಿಂದ ಬೇರೆಯಾಗಿ, 194ಜೆ ಅಡಿ ಟಿಡಿಎಸ್ ಮಾಡಿದ ಶುಲ್ಕಕ್ಕೆ ರಿವರ್ಸ್ ಚಾರ್ಜ್ (ಸೇವೆ ಪಡೆದವರೇ ತೆರಿಗೆ ಕಟ್ಟುವ ಪದ್ಧತಿ) ಪ್ರಕಾರ ಕಂಪನಿಯೇ ಜಿಎಸ್‌ಟಿ ಕಟ್ಟಬೇಕು. ಅಂದರೆ ಆದಾಯ ತೆರಿಗೆಯಲ್ಲಿ ನೀವು ಆರಿಸಿದ ಕಲಂ ಜಿಎಸ್‌ಟಿಯನ್ನೂ ತೀರ್ಮಾನಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಮೇಲಿನ ಉದಾಹರಣೆಯಲ್ಲಿ ನಿರ್ದೇಶಕರ ತೆರಿಗೆ ಶೂನ್ಯ, ಹಾಗಾಗಿ ಕಡಿಯಲು ಟಿಡಿಎಸ್ಸೇ ಇಲ್ಲ. ಮುಂದೆ ಜಿಎಸ್‌ಟಿ ಅಧಿಕಾರಿ ‘192ರಡಿ ಟಿಡಿಎಸ್ ಎಲ್ಲಿ?’ ಎಂದು ಕೇಳಿದರೆ ಏನು ತೋರಿಸುತ್ತೀರಿ? ಅದಕ್ಕೇ ನಾಲ್ಕನೇ ತ್ರೈಮಾಸಿಕದ 24ಕ್ಯೂನಲ್ಲಿ ಆ ಸಂಬಳವನ್ನೂ ಶೂನ್ಯ ತೆರಿಗೆಯ ಲೆಕ್ಕವನ್ನೂ ತೋರಿಸಿಡಿ.

ಶುಲ್ಕವನ್ನೇ ಆರಿಸಿದ್ದರೆ ಮೂರು ಸಂಗತಿ ಗಮನಿಸಿ. 194ಜೆ ಕಲಮಿನ ವಾರ್ಷಿಕ ಮಿತಿ ನಿರ್ದೇಶಕರ ಶುಲ್ಕಕ್ಕೆ ಅನ್ವಯಿಸುವುದಿಲ್ಲ, ಮೊದಲ ರೂಪಾಯಿಯಿಂದಲೇ ಶೇ 10. ಖಾತೆಗೆ ಜಮಾ ಬರೆದ ದಿನವೇ ಟಿಡಿಎಸ್ ಹೊಣೆ ಹುಟ್ಟುತ್ತದೆ, ಹಣ ಕೊಡುವವರೆಗೆ ಕಾಯುವುದಿಲ್ಲ. ರಿವರ್ಸ್ ಚಾರ್ಜ್ ಹೊಣೆ ಬಂದ ಕಂಪನಿ ವಹಿವಾಟು ಎಷ್ಟೇ ಇರಲಿ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ಹೊಸ ಕಂಪನಿಗಳು ಸಿಕ್ಕಿಬೀಳುವುದು ಈ ಮೂರನೆಯದರಲ್ಲಿ.

ನಿಮ್ಮ ಸ್ವಂತ ಕಟ್ಟಡವನ್ನು ಕಂಪನಿಗೆ ಬಾಡಿಗೆ ಕೊಟ್ಟಿದ್ದೀರಾ? ಅದು ನಿರ್ದೇಶಕರಾಗಿ ಕೊಟ್ಟ ಸೇವೆ ಅಲ್ಲ ಎಂದು 2023ರ ಸುತ್ತೋಲೆ ಹೇಳಿದೆ. ಆದರೆ 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಮಾಲೀಕರು ನೋಂದಾಯಿತ ಸಂಸ್ಥೆಗೆ ಕೊಟ್ಟ ವಾಣಿಜ್ಯ ಕಟ್ಟಡದ ಬಾಡಿಗೆಗೆ ಬೇರೆ ನಮೂದಿನಡಿ ರಿವರ್ಸ್ ಚಾರ್ಜ್ ಬಂದಿದೆ. ಹಳೆಯ ಸಲಹೆ ನಂಬಿ ಕೂತವರು ಮತ್ತೊಮ್ಮೆ ನೋಡಿ.

ಹಂತ 7: ಎರಡನೇ ನಿರ್ದೇಶಕರು ನಿಮ್ಮ ಪತಿಯೋ ಪತ್ನಿಯೋ ಆಗಿದ್ದರೆ

ಬಂಧುಗಳ ಪಾಲೂ ಸೇರಿ ನಿಮಗೆ ಕಂಪನಿಯಲ್ಲಿ ಶೇ 20 ಅಥವಾ ಹೆಚ್ಚಿನ ಮತಾಧಿಕಾರವಿದ್ದರೆ, ಆ ಕಂಪನಿಯಿಂದ ನಿಮ್ಮ ಪತಿ ಅಥವಾ ಪತ್ನಿ ಪಡೆಯುವ ಸಂಬಳವನ್ನು 64ನೇ ಕಲಮಿನಡಿ ನಿಮ್ಮ ಆದಾಯಕ್ಕೇ ಸೇರಿಸಬಹುದು. ಅವರಿಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಇದ್ದು, ಆ ಸಂಬಳ ಅದೇ ಜ್ಞಾನ-ಅನುಭವದ ದುಡಿಮೆಯಿಂದ ಬಂದದ್ದಾದರೆ ಮಾತ್ರ ವಿನಾಯಿತಿ. ಬಿ.ಕಾಂ. ಓದಿ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುವವರ ಪರವಾಗಿ ವಾದಿಸಲು ಅವಕಾಶವಿದೆ. ವರ್ಷಕ್ಕೆರಡು ಸಹಿ ಹಾಕುವವರಿಗೆ ಇಲ್ಲ. ಪದವಿ ಪ್ರಮಾಣಪತ್ರ, ಕೆಲಸದ ಇಮೇಲುಗಳು, ಬ್ಯಾಂಕ್ ವ್ಯವಹಾರದ ದಾಖಲೆ ಕಡತದಲ್ಲಿರಲಿ.

ಹಂತ 8: ‘ಸಾಲ’ ಎಂಬ ಹೆಸರಿನಿಂದ ದೂರವಿರಿ

ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಇದು. ಸಂಬಳವೂ ಅಲ್ಲ, ಶುಲ್ಕವೂ ಅಲ್ಲ, ಸದ್ಯಕ್ಕೆ ಮುಂಗಡ ಎಂದು ಬರೆದ ಮೊತ್ತದ ಮೇಲೆ ಎರಡು ಕಾಯ್ದೆಗಳು ಒಟ್ಟಿಗೆ ಬೀಳುತ್ತವೆ.

ಆದಾಯ ತೆರಿಗೆಯ 2(22)(ಇ): ಶೇ 10 ಅಥವಾ ಹೆಚ್ಚಿನ ಮತಾಧಿಕಾರವಿರುವ ಶೇರುದಾರರಿಗೆ ಕಂಪನಿ ಸಾಲ ಕೊಟ್ಟರೆ, ಕೂಡಿಟ್ಟ ಲಾಭದ ಮಿತಿಯೊಳಗೆ ಅದು ಲಾಭಾಂಶವೇ ಎಂದು ಪರಿಗಣನೆ. ಕಂಪನಿಯಲ್ಲಿ 6 ಲಕ್ಷ ಲಾಭ ಕೂಡಿದ್ದು ನೀವು ಮಗಳ ಕಾಲೇಜು ಶುಲ್ಕಕ್ಕೆ 4 ಲಕ್ಷ ತೆಗೆದರೆ ಆ 4 ಲಕ್ಷವೂ ನಿಮ್ಮ ಆದಾಯ. ವರ್ಷದೊಳಗೆ ಹಿಂತಿರುಗಿಸಿದೆ ಎಂದರೂ ಕೇಳುವುದಿಲ್ಲ. ಸುಪ್ರೀಂ ಕೋರ್ಟ್ 1977ರಲ್ಲೇ ಆ ವಾದವನ್ನು ತಳ್ಳಿಹಾಕಿದೆ.

ಕಂಪನಿ ಕಾಯ್ದೆಯ 185ನೇ ಕಲಂ: ನಿರ್ದೇಶಕರಿಗೆ ಸಾಲ ನಿಷಿದ್ಧ. ಪ್ರೈವೇಟ್ ಕಂಪನಿಗೆ ವಿನಾಯಿತಿ ಸಿಗಬೇಕಾದರೆ ಬೇರೆ ಕಂಪನಿಗಳು ಅದರಲ್ಲಿ ಶೇರು ಹೊಂದಿರಬಾರದು, ಬ್ಯಾಂಕ್ ಮುಂತಾದವುಗಳ ಸಾಲ ಸಂದಾಯವಾದ ಬಂಡವಾಳದ ಎರಡರಷ್ಟಕ್ಕಿಂತ (ಅಥವಾ 50 ಕೋಟಿ, ಯಾವುದು ಕಡಿಮೆಯೋ) ಕಡಿಮೆ ಇರಬೇಕು, ಮರುಪಾವತಿಯಲ್ಲಿ ಸುಸ್ತಿಯಾಗಿರಬಾರದು. 1 ಲಕ್ಷ ಬಂಡವಾಳದ ಕಂಪನಿ ಬ್ಯಾಂಕಿನಿಂದ 10 ಲಕ್ಷದ ಓವರ್‌ಡ್ರಾಫ್ಟ್ ಬಳಸುತ್ತಿದ್ದರೆ ಎರಡನೇ ಷರತ್ತಿನಲ್ಲೇ ಬಿದ್ದುಹೋಗುತ್ತದೆ. ಕಂಪನಿಗೆ ದಂಡ 5 ಲಕ್ಷದಿಂದ 25 ಲಕ್ಷ.

ಹಂತ 9: ನಿಮ್ಮ ವೈಯಕ್ತಿಕ ರಿಟರ್ನ್

ನಿರ್ದೇಶಕರು ಐಟಿಆರ್-1 ಮತ್ತು ಐಟಿಆರ್-4 ಸಲ್ಲಿಸುವಂತಿಲ್ಲ. ಸಂಬಳ ಮಾತ್ರವಿದ್ದರೆ ಐಟಿಆರ್-2. ಶುಲ್ಕವನ್ನು ವೃತ್ತಿಯ ಆದಾಯವೆಂದು ತೋರಿಸುವುದಾದರೆ ಐಟಿಆರ್-3. ಸಂಬಳ ಪಡೆಯದಿದ್ದರೂ, ಕಂಪನಿಯಲ್ಲಿ ವಹಿವಾಟೇ ಇಲ್ಲದಿದ್ದರೂ ಇದೇ ನಿಯಮ. ನಿರ್ದೇಶಕರಾಗಿರುವ ಎಲ್ಲ ಕಂಪನಿಗಳ ಹೆಸರು, ಪ್ಯಾನ್, ನಿಮ್ಮ ಡಿನ್, ನಿಮ್ಮಲ್ಲಿರುವ ಪಟ್ಟಿಯಾಗದ ಕಂಪನಿಗಳ ಶೇರು ವಿವರ ತುಂಬಬೇಕು. ಬೇರೆಡೆ ನೌಕರಿ ಮಾಡುತ್ತಾ ಸ್ನೇಹಿತರ ಕಂಪನಿಗೆ ನಿರ್ದೇಶಕರಾಗಿ ಸಹಿ ಹಾಕಿದವರು ಮೊಬೈಲಿನಲ್ಲೇ ಐಟಿಆರ್-1 ಒತ್ತಿಬಿಡುತ್ತಾರೆ. ಆ ರಿಟರ್ನ್ ದೋಷಪೂರ್ಣವಾಗುತ್ತದೆ.

ಅಪಾಯದ ಗುರುತುಗಳು

ಮಾರ್ಚ್ 31ರಂದು ಒಂದೇ ನಮೂದಿನಲ್ಲಿ ಇಡೀ ವರ್ಷದ ‘ನಿರ್ದೇಶಕರ ಸಂಭಾವನೆ’. ಒಂದೇ ವ್ಯಕ್ತಿಗೆ 24ಕ್ಯೂ ಮತ್ತು 26ಕ್ಯೂ (ಸಂಬಳವಲ್ಲದ ಟಿಡಿಎಸ್‌ನ ರಿಟರ್ನ್) ಎರಡರಲ್ಲೂ ನಮೂದು, ಆದರೆ ಎರಡು ಬೇರೆ ಕೆಲಸಗಳಿಗೆ ಎರಡು ದಾಖಲೆಗಳಿಲ್ಲ. ನಿಮ್ಮ ಲೆಡ್ಜರಿನಲ್ಲಿ ವರ್ಷದ ನಡುವೆ ಯಾವುದೇ ದಿನ ಡೆಬಿಟ್ ಬಾಕಿ (ನೀವು ಕಂಪನಿಗೆ ಕೊಡಬೇಕಾದ ಹಣ). ವರ್ಷಾಂತ್ಯಕ್ಕೆ ಸರಿಯಾಗಿದ್ದರೂ ಸಾಲದ ಪ್ರಶ್ನೆ ಏಳುವುದು ಆ ದಿನದ ಮೇಲೆ. ಕಂಪನಿಯ ಕಾರ್ಡಿನಲ್ಲಿ ಮನೆಯ ದಿನಸಿ.

ಕಂಪನಿಯ ತೆರಿಗೆ ಬಾಕಿ ಕಂಪನಿಯದೇ ಎಂದು ನಿರಾಳವಾಗಿರಬೇಡಿ. ಪ್ರೈವೇಟ್ ಕಂಪನಿಯಿಂದ ವಸೂಲಾಗದ ಆದಾಯ ತೆರಿಗೆಗೆ 179ನೇ ಕಲಮಿನಡಿ ಆ ವರ್ಷದ ನಿರ್ದೇಶಕರೇ ವೈಯಕ್ತಿಕವಾಗಿ ಹೊಣೆ. ತಮ್ಮ ಗಂಭೀರ ನಿರ್ಲಕ್ಷ್ಯ, ದುರ್ನಡತೆ ಅಥವಾ ಕರ್ತವ್ಯಲೋಪದಿಂದ ಹಾಗಾಗಲಿಲ್ಲ ಎಂದು ತೋರಿಸುವ ಭಾರವೂ ಅವರದೇ.

ಈಗಾಗಲೇ ಹಣ ತೆಗೆದಾಗಿದ್ದರೆ

ಹಿಂದಿನ ದಿನಾಂಕ ಹಾಕಿದ ನಿರ್ಣಯವನ್ನು ಮಾತ್ರ ಬರೆಯಬೇಡಿ. ಡಿಜಿಟಲ್ ಸಹಿಯ ಸಮಯ, ಅರ್ಜಿ ಸಲ್ಲಿಸಿದ ದಿನಾಂಕ, ಬ್ಯಾಂಕಿನ ವಿವರಣೆ ಮೂರೂ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತವೆ.

ಮೊದಲು ತೆಗೆದ ಮೊತ್ತವನ್ನು ಹಂತ 2ರಲ್ಲಿ ಹೇಳಿದ ನಿಮ್ಮ ಬಾಕಿಗೆ ಹೊಂದಿಸಿ. ಹಲವರ ಸಮಸ್ಯೆ ಅಲ್ಲಿಗೇ ಕರಗುತ್ತದೆ. ಉಳಿದದ್ದರಲ್ಲಿ ನಿಜವಾಗಿ ದುಡಿದ ತಿಂಗಳುಗಳಿಗೆ ಸೇರಿದ ಪಾಲು ಎಷ್ಟು, ಅದಕ್ಕೆ ಯಾವ ದಾಖಲೆ ಇದೆ ಎಂದು ನೋಡಿ. ನೌಕರಿಯ ದಾಖಲೆ ಇಲ್ಲದಿದ್ದರೆ ಅದನ್ನು ಶುಲ್ಕವೆಂದೇ ಒಪ್ಪಿಕೊಂಡು, ಶೇ 10ರ ಟಿಡಿಎಸ್, ಕಡಿಯದೆ ಬಿಟ್ಟ ಅವಧಿಗೆ ತಿಂಗಳಿಗೆ ಶೇ 1ರ ಬಡ್ಡಿ, ಕಡಿದೂ ಕಟ್ಟದ ಅವಧಿಗೆ ಶೇ 1.5, ರಿವರ್ಸ್ ಚಾರ್ಜ್ ಜಿಎಸ್‌ಟಿ ಮತ್ತು ಅದರ ವಾರ್ಷಿಕ ಶೇ 18ರ ಬಡ್ಡಿಯನ್ನು ನೀವಾಗಿಯೇ ಕಟ್ಟಿ. ಟಿಡಿಎಸ್ ಕಡಿಯದಿದ್ದರೆ ಆ ಖರ್ಚಿನ ಶೇ 30ರಷ್ಟನ್ನು ಕಂಪನಿಯ ಲೆಕ್ಕದಲ್ಲಿ ತಳ್ಳಿಹಾಕುತ್ತಾರೆ, ಆದ್ದರಿಂದ ಕಂಪನಿಯ ರಿಟರ್ನ್ ಸಲ್ಲಿಸುವ ಮುನ್ನವೇ ಇದನ್ನು ಮುಗಿಸಿ. ಮನೆ ಖರ್ಚಿಗೆಂದೇ ತೆಗೆದ ಪಾಲಿದ್ದರೆ ತಕ್ಷಣ ಕಂಪನಿಗೆ ಹಿಂತಿರುಗಿಸಿ, ಅದರ ತೆರಿಗೆಯ ಪರಿಣಾಮವನ್ನು ಆಡಿಟರ್ ಜೊತೆ ಬೇರೆಯಾಗಿ ಕೂತು ನೋಡಿ. ನಂತರ ಸಭೆ ಕರೆದು, ಮುಂದಿನ ತಿಂಗಳ 1ನೇ ತಾರೀಖಿನಿಂದ ಜಾರಿಗೆ ಬರುವಂತೆ ಹಂತ 4ರ ನಿರ್ಣಯ ಮಾಡಿ. ಆ ತಿಂಗಳ ಸಂಬಳ ಹೊರಡುವ ಮುನ್ನ ಡಿಐಆರ್-12ರ ರಸೀದಿ ಕಡತದಲ್ಲಿರಲಿ.